ಗೈರುಹಾಜರಿಯ ಲೆಕ್ಕ

ನಾವಿಕನ ಹಾಜರಿ ಹಡಗಿನ ಸುರಕ್ಷತೆಗೆ ಕಾರಣವಾದರೆ, ಅವನ ಗೈರುಹಾಜರಿಯೇ ಅದರ ನಾಶಕ್ಕೂ ಕಾರಣವೆಂದು ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲನು ಬರೆದಿದ್ದಾನೆ. ಇಲ್ಲದಿರುವುದೂ ಕಾರಣವಾಗಬಲ್ಲದೆಂಬ ಈ ವಿಚಾರವು 2023ರಲ್ಲಿ ಅಮೆರಿಕದ ಸೆನೆಟಿನಲ್ಲಿ ಅಕ್ಷರಶಃ ಕಣ್ಣಿಗೆ ಬಿತ್ತು.

ಕ್ಯಾಲಿಫೋರ್ನಿಯಾದ ಸೆನೆಟರ್ ಡಯಾನ್ ಫೈನ್‌ಸ್ಟೈನ್ ಅವರಿಗೆ ಆಗ 89 ವರ್ಷ. ಫೆಬ್ರವರಿಯಲ್ಲಿ ಸರ್ಪಸುತ್ತಿನಿಂದ ಹಾಸಿಗೆ ಹಿಡಿದ ಅವರು ಸದನಕ್ಕೆ ಮರಳಿದ್ದು ಮೇ 10ರಂದು. ಈ ಮಧ್ಯೆ ಸುಮಾರು 90 ಮತದಾನಗಳು ತಪ್ಪಿದ್ದವು. ಆದರೆ ನಿಜವಾದ ತೊಡಕು ಉಂಟಾದದ್ದು ನ್ಯಾಯಾಂಗ ಸಮಿತಿಯಲ್ಲಿ. ಅಲ್ಲಿ ಡೆಮಾಕ್ರಟಿಕ್ ಪಕ್ಷದವರು 11, ರಿಪಬ್ಲಿಕನ್ನರು 10. ಒಬ್ಬರು ಬಾರದಿದ್ದರೆ ಬಲ ಸಮ. ಮತಗಳು ಸಮವಾದರೆ ಪ್ರಸ್ತಾವ ಬಿದ್ದಂತೆಯೇ. ಹೀಗಾಗಿ ಅವರ ಮತವನ್ನೇ ನಂಬಿದ್ದ ನ್ಯಾಯಾಧೀಶರ ನಾಮಕರಣಗಳು ಮುಂದೆ ಸಾಗಲಿಲ್ಲ. ತಮ್ಮ ಸ್ಥಾನದಲ್ಲಿ ತಾತ್ಕಾಲಿಕವಾಗಿ ಬೇರೊಬ್ಬರನ್ನು ಕೂರಿಸಬೇಕೆಂಬ ಅವರ ಕೋರಿಕೆಗೆ ಎದುರು ಪಕ್ಷವು ಒಪ್ಪಲಿಲ್ಲ.

ರೋಗವು ಅಪರಾಧವಲ್ಲ, ವೃದ್ಧಾಪ್ಯವಂತೂ ಅಲ್ಲವೇ ಅಲ್ಲ. ಅದಕ್ಕಾಗಿ ಅವರನ್ನು ಹೀಯಾಳಿಸಿದವರ ಮಾತಿನಲ್ಲಿ ನನಗೆ ಸಭ್ಯತೆ ಕಾಣಲಿಲ್ಲ. ಆದರೆ ಲೆಕ್ಕ ಒಪ್ಪಿಸಿದ ರೀತಿಯನ್ನು ಪ್ರಶ್ನಿಸಲೇಬೇಕು. ದೃಷ್ಟಿ ಮತ್ತು ಸಮತೋಲನದ ತೊಂದರೆ ಇನ್ನೂ ಇದೆಯೆಂದು ಮರಳಿದ ದಿನ ಹೇಳಿಕೆ ಬಂತು. ಕೆಲವೇ ದಿನಗಳ ನಂತರ, ತಾವು ಎಲ್ಲಿಗೂ ಹೋಗಿರಲಿಲ್ಲ, ಮತ ಹಾಕುತ್ತಲೇ ಇದ್ದೆವೆಂದು ಅವರು ಪತ್ರಕರ್ತರಿಗೆ ಹೇಳಿದರು. ಮಿದುಳಿನ ಉರಿಯೂತವೂ ಆಗಿತ್ತೆಂಬುದನ್ನು ಅವರ ಕಚೇರಿ ದೃಢಪಡಿಸಿದ್ದು ಪತ್ರಿಕೆಯೊಂದು ಅದನ್ನು ಪ್ರಕಟಿಸಿದ ಮೇಲೆ. ಮತದಾರನಿಗೆ ಸಲ್ಲಬೇಕಾದ ವಿವರ ಪತ್ರಕರ್ತನ ಮೂಲಕ ಸುತ್ತಿ ಬಂದಿತು. ಆ ಸೆಪ್ಟೆಂಬರ್ 28ರಂದು ಅವರು ಕೊನೆಯ ಮತ ಹಾಕಿದರು; ಮರುದಿನ ನಿಧನದ ಸುದ್ದಿ ಬಂತು.

ನಮ್ಮಲ್ಲಿ ಹೇಗೆ? ಅನುಮತಿಯಿಲ್ಲದೆ 60 ದಿನಗಳ ಕಾಲ ಸದನದ ಎಲ್ಲ ಸಭೆಗಳಿಗೂ ಗೈರಾದರೆ, ಸದಸ್ಯನ ಸ್ಥಾನ ತೆರವಾಗಿದೆಯೆಂದು ಸದನವು ಘೋಷಿಸಬಹುದು. ಸಂಸತ್ತಿಗೆ ಸಂವಿಧಾನದ 101ನೆಯ ವಿಧಿ, ವಿಧಾನಮಂಡಲಕ್ಕೆ 190ನೆಯ ವಿಧಿ ಇದನ್ನು ಹೇಳುತ್ತವೆ. ಅನುಮತಿ ಕೊಡುವುದು ಸದನ. ಆರಿಸಿ ಕಳುಹಿಸಿದ ಮತದಾರನಿಗೆ ವಿವರಣೆ ಕೊಡಬೇಕೆಂದು ಆ ವಿಧಿಗಳಲ್ಲಿಲ್ಲ. ಇದಕ್ಕಿಂತ ಗಂಭೀರ ಸಂಗತಿ ಇನ್ನೊಂದಿದೆ. ನಮ್ಮ ಮಸೂದೆಗಳಲ್ಲಿ ಹೆಚ್ಚಿನವು ಧ್ವನಿಮತದಿಂದಲೇ ಅಂಗೀಕಾರವಾಗುತ್ತವೆ. ಯಾರು ಪರ, ಯಾರು ವಿರೋಧ, ಯಾರು ಆಸನದಲ್ಲೇ ಇರಲಿಲ್ಲ ಎಂಬುದು ದಾಖಲಾಗುವುದಿಲ್ಲ. ಸದಸ್ಯರ ಹಾಜರಿಯ ದಾಖಲೆಯೇನೋ ಇದೆ. ಆದರೆ ಬೆಳಿಗ್ಗೆ ಹಾಜರಿ ಹಾಕಿದವರು ಸಂಜೆಯ ಮಸೂದೆಯ ವೇಳೆಗೆ ಎಲ್ಲಿದ್ದರೆಂದು ಅದು ಹೇಳದು.