ಗೌಡ್ರ ಕೈಗೆ ಸಿಕ್ಕ ಗಾಳ, ಕಾರಲ್ಲೇ ಉಳಿದ ಡಬ್ಬಿ

ನಮ್ಮ ಮಿನೆಸೋಟಾದ ಕಾರುಗಳ ನಂಬರ್ ಪ್ಲೇಟ್ ಮೇಲೆ '10,000 ಕೆರೆಗಳು' ಅಂತ ಬರೆದಿರುತ್ತೆ. ಅದು ವಿನಯದ ಲೆಕ್ಕ. ಹತ್ತು ಎಕರೆ ಮತ್ತು ಅದಕ್ಕಿಂತ ದೊಡ್ಡವನ್ನು ಮಾತ್ರ ಎಣಿಸಿದರೂ 11,842 ಕೆರೆಗಳಾಗುತ್ತವೆ. ತೀರ್ಥಹಳ್ಳಿ ಕಡೆ ಹುಟ್ಟಿ, ಮುಂಗಾರಿನಲ್ಲಿ ಹತ್ತುಮೀನು ಹಿಡಿಯೋಕೆ ಗದ್ದೆ ಬದುವಿನ ಮೇಲೆ ನಿದ್ದೆಗೆಟ್ಟು ಬೆಳೆದ ನನ್ನಂಥವನು ಇಷ್ಟೊಂದು ನೀರು ನೋಡಿ ಸುಮ್ಮನಿರೋಕ್ಕಾಗುತ್ತಾ ಹೇಳಿ? ಮೇ ತಿಂಗಳಲ್ಲಿ ವಾಲೈ ಮೀನಿನ ಸೀಸನ್ ತೆರೀತು ಅಂದ್ರೆ ನಾನು, ನನ್ನ ಮಗ, ನಮ್ಮ ಗೌಡ್ರು, ಮೂರು ಜನ ಶನಿವಾರ ಬೆಳಗ್ಗೆ ಐದಕ್ಕೇ ಮನೆ ಬಿಡ್ತೀವಿ. 'ಸಂತೆಗೆ ಹೋಗಿ ತಂದ್ರೆ ಆಗಲ್ವಾ?' ಅನ್ನೋದು ನಮ್ಮನೆಯವಳ ಹಳೇ ಪ್ರಶ್ನೆ. ಉತ್ತರ ನನಗಿನ್ನೂ ಸಿಕ್ಕಿಲ್ಲ.

ಗೌಡ್ರು ಮಂಡ್ಯದ ಕಡೆಯವರು, ನನಗಿಂತ ಎಂಟು ವರ್ಷ ದೊಡ್ಡವರು. ಹನ್ನೆರಡು ವರ್ಷದ ಸ್ನೇಹ. ಅವರ ಬಗ್ಗೆ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಅಂತ ಕಳೆದ ವರ್ಷದ ಜೂನ್‍ವರೆಗೂ ಅಂದ್ಕೊಂಡಿದ್ದೆ.

ಆ ದಿನ ಬ್ರೇನರ್ಡ್ ಹತ್ತಿರದ ಒಂದು ಸಣ್ಣ ಕೆರೆ. ಬಾಡಿಗೆ ದೋಣಿ, ಸಣ್ಣ ಮೋಟಾರು, ಬುತ್ತಿಗೆ ಚಿತ್ರಾನ್ನ. ದಡದಿಂದ ಸುಮಾರು ಒಂದೂವರೆ ಮೈಲಿ ಒಳಗೆ, ಜೊಂಡು ಬೆಳೆದ ಮೂಲೆಯಲ್ಲಿದ್ವಿ. ಮಗನ ಗಾಳಕ್ಕೆ ನಾರ್ದರ್ನ್ ಪೈಕ್ ಬಿತ್ತು. ಬಾತುಕೋಳಿ ಕೊಕ್ಕಿನಂಥ ಮೂತಿ, ಬಾಯಿ ತುಂಬ ಗರಗಸದ ಹಲ್ಲು, ಎರಡಡಿಗೂ ಮಿಕ್ಕಿದ ಮೀನು. ಹುಡುಗ ಕುಣಿದಾಡಿದ. ಗೌಡ್ರು 'ಬುಡು ಮಗಾ, ನಾನ್ ಬುಡುಸ್ತೀನಿ' ಅಂತ ಕೈ ಹಾಕಿದ್ರು.

ಅವನು ಕಟ್ಟಿದ್ದು ಪ್ಲಾಸ್ಟಿಕ್ ಮೀನಿನ ಆಕಾರದ ಲೂರ್. ಅದರ ಹೊಟ್ಟೆಗೊಂದು ಬಾಲಕ್ಕೊಂದು ಮೂರು ಮೊನೆಯ ಕೊಕ್ಕೆ. ಬಾಲದ ಕೊಕ್ಕೆ ಪೈಕಿನ ದವಡೆಯಲ್ಲಿತ್ತು. ಮೀನು ಒಮ್ಮೆ ಒದರಿತು ನೋಡಿ, ಹೊಟ್ಟೆಯ ಕೊಕ್ಕೆಯ ಒಂದು ಮೊನೆ ಗೌಡ್ರ ಹೆಬ್ಬೆರಳು ತೋರುಬೆರಳಿನ ನಡುವಿನ ಮಾಂಸದೊಳಗೆ ಹಿಂಮುಳ್ಳಿನ ಸಮೇತ ಇಳೀತು! ಈಗ ಒಂದೇ ಲೂರಿಗೆ ಆ ಕಡೆ ಮೀನು, ಈ ಕಡೆ ಗೌಡ್ರು. ಮೀನು ಒದ್ದಾಡಿದಾಗೆಲ್ಲ ಅವರ ಕೈ ಜಗ್ಗುತ್ತೆ. ನಾನು ಒದ್ದೆ ಟವೆಲ್ ಹಾಕಿ ಮೀನನ್ನು ದೋಣಿ ತಳಕ್ಕೆ ಒತ್ತಿ ಹಿಡಿದೆ. 'ಡಬ್ಬಿ ಎಲ್ಲಿ?' ಅಂದ್ರು ಗೌಡ್ರು.

ಡಬ್ಬಿ ಕಾರಿನ ಡಿಕ್ಕಿಯಲ್ಲಿತ್ತು. ಕೆಂಪು ಪ್ಲಸ್ ಗುರುತಿನ ಚಂದದ ಡಬ್ಬಿ. ಪ್ರತಿ ಟ್ರಿಪ್ಪಿಗೂ ತಪ್ಪದೇ ತರ್ತಿದ್ದೆ, ತಂದು ಕಾರಲ್ಲೇ ಬಿಡ್ತಿದ್ದೆ! ಫೋನಿನಲ್ಲಿ ಸಿಗ್ನಲ್ ಇಲ್ಲ. ಕೈಯಲ್ಲಿದ್ದದ್ದು ಒಂದು ನೇಲ್ ಕಟರ್. ಅದು ದಾರ ಕತ್ತರಿಸುತ್ತೆ, ಉಕ್ಕಿನ ಕೊಕ್ಕೆಯನ್ನಲ್ಲ.

'ಏನೂ ಆಗಿಲ್ಲ ಬುಡಿ ಸ್ವಾಮಿ, ಎಳ್ದು ಕಿತ್ತಾಕಿ' ಅಂದ್ರು ಗೌಡ್ರು. ನನಗೆ ಚಿಕ್ಕಂದಿನ ಒಂದು ನೆನಪು ಬಂತು. ಕಾಲಿಗೆ ಗಾಳ ಚುಚ್ಚಿದಾಗ ಚಿಕ್ಕಪ್ಪ ಅದನ್ನು ಹಂಗೇ ಕಿತ್ತು, ಗಾಯಕ್ಕೆ ಕಾಫಿಪುಡಿ ಮೆತ್ತಿದ್ದರು. ಜೊತೆಗೆ ಕಿತ್ತು ಬಂದ ಮಾಂಸದ ಗುರುತು ಈಗಲೂ ಪಾದದ ಮೇಲಿದೆ. ಕೈ ಹಿಂದೆ ತಗೊಂಡೆ. ಮಗ ಎದ್ದು ನಿಂತು ಲೈಫ್ ಜಾಕೆಟ್ಟಿಗೆ ಕಟ್ಟಿದ್ದ ಸೀಟಿ ಊದಿದ. ನಮ್ಮ ಮೂವರಲ್ಲಿ ಬುದ್ಧಿ ಓಡಿದ್ದು ಅವನಿಗೊಬ್ಬನಿಗೇ.

ಹತ್ತು ನಿಮಿಷದಲ್ಲಿ ಒಂದು ಹಳೇ ದೋಣಿ ಬಂತು. ಎಪ್ಪತ್ತು ದಾಟಿದ ಅಜ್ಜ, ಒಬ್ಬರೇ. ಸೀಟಿನ ಕೆಳಗಿಂದ ಊಟದ ಡಬ್ಬಿಯಂಥದ್ದೊಂದು ಪೆಟ್ಟಿಗೆ ತೆಗೆದರು. ನಮ್ಮೂರ ಲೈನ್‍ಮನ್ ಹತ್ರ ಇರುತ್ತಲ್ಲ, ಅಂಥ ಗಟ್ಟಿ ಕಟಿಂಗ್ ಪ್ಲೇಯರ್ ತೆಗೆದು, ತಾವೊಂದು ಕನ್ನಡಕ ಹಾಕ್ಕೊಂಡು, ನಮಗೆಲ್ಲ ಮುಖ ಆ ಕಡೆ ತಿರುಗಿಸಿ ಅಂದ್ರು. ಕತ್ತರಿಸಿದ ತುಂಡು ಹಾರಿ ಕಣ್ಣಿಗೆ ಬೀಳಬಹುದಂತೆ. ಟಕ್! ಕೈಗೆ ಚುಚ್ಚಿದ್ದ ಮೊನೆ ಲೂರಿನಿಂದ ಬೇರೆಯಾಯ್ತು. ಮೀನು ಲೂರಿನ ಜೊತೆ ಪಕ್ಕಕ್ಕೆ ಬಿತ್ತು. ಗೌಡ್ರ ಕೈಯಲ್ಲಿ ಕೊಕ್ಕೆಯ ಒಂದು ತುಂಡು ಮಾತ್ರ ಉಳೀತು.

ಇನ್ನು ಕೀಳ್ತಾರೆ ಅಂತ ನಾನು ಕಾಯ್ತಿದ್ದೆ. ಅಜ್ಜ ಕೀಳಲಿಲ್ಲ. 'ನೀವು ಯಾವುದಾದರೂ ಮಾತ್ರೆ ತಗೋತೀರಾ?' ಅಂತ ಕೇಳಿದರು.

ಗೌಡ್ರು ನನ್ನ ಮುಖ ನೋಡಿದ್ರು, ನೀರು ನೋಡಿದ್ರು. ಆಮೇಲೆ ಮೆಲ್ಲಗೆ ಹೇಳಿದ್ರು, ಎರಡು ವರ್ಷದಿಂದ ರಕ್ತ ತೆಳುವಾಗೋ ಮಾತ್ರೆ ನುಂಗ್ತಿದ್ದಾರಂತೆ. ಹೃದಯದ ಬಡಿತ ತಾಳ ತಪ್ಪುತ್ತಂತೆ, ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗದಿರಲಿ ಅಂತ ಡಾಕ್ಟರು ಕೊಟ್ಟಿದ್ದಂತೆ. ಹನ್ನೆರಡು ವರ್ಷದ ಸ್ನೇಹಿತನಿಗೆ ಹೇಳದ್ದನ್ನು ಗುರುತಿಲ್ಲದ ಅಜ್ಜನಿಗೆ ಹೇಳಿದ್ರು ನೋಡಿ.

ಅಜ್ಜ ತಲೆ ಆಡಿಸಿದರು. 'ಹಾಗಾದರೆ ಇದನ್ನು ಇಲ್ಲಿ ಕೀಳೋದು ಬೇಡ' ಅಂದ್ರು. ತುಂಡಿನ ಸುತ್ತ ದಪ್ಪಗೆ ಗಾಜು ಬಟ್ಟೆ ಇಟ್ಟು, ಅದು ಅಲ್ಲಾಡದ ಹಾಗೆ ಟೇಪು ಸುತ್ತಿ, ಕೈ ಎದೆಯ ಮಟ್ಟಕ್ಕೆ ಎತ್ತಿ ಹಿಡ್ಕೊಳ್ಳೋಕೆ ಹೇಳಿದರು. ನೋವಿಗೆ ಐಬುಪ್ರೊಫೇನ್, ಆಸ್ಪಿರಿನ್ ಯಾವುದೂ ಬೇಡ, ಈ ಮಾತ್ರೆ ಜೊತೆ ಅವು ಸೇರಿದರೆ ರಕ್ತ ಇನ್ನೂ ಹೆಚ್ಚು ಹರಿಯುತ್ತೆ ಅಂದ್ರು.

ನನ್ನ ಎದೆ ಧಸಕ್ಕೆಂದಿದ್ದು ಆಗ. ಕಾರಿನ ಡಬ್ಬಿಯಲ್ಲಿ ಐಬುಪ್ರೊಫೇನ್ ಇತ್ತು. ಡಬ್ಬಿ ಕೈಗೆ ಸಿಕ್ಕಿದ್ದಿದ್ರೆ ಕೊಕ್ಕೆ ಜಗ್ಗೋ ಮೊದಲೇ 'ನೋವಿಗೆ ಒಳ್ಳೇದು' ಅಂತ ಎರಡು ಮಾತ್ರೆ ನಾನೇ ನುಂಗಿಸಿರ್ತಿದ್ದೆ. ಡಬ್ಬಿ ಮರೆತದ್ದಕ್ಕೆ ಮೊದಲು ನಾಚಿಕೆ ಪಟ್ಟಿದ್ದೆ. ಡಬ್ಬಿ ಇದ್ದಿದ್ರೆ ಏನಾಗ್ತಿತ್ತು ಅಂತ ಈಗ ಹೆದರಿಕೆಯಾಯ್ತು.

ದೋಣಿಗಳು ಅಕ್ಕಪಕ್ಕ ದಡಕ್ಕೆ ಹೋಗುವಾಗ ಮಗ ಕೇಳಿದ, ಬೇರೆಯವರಾಗಿದ್ರೆ ಹೇಗೆ ಕೀಳ್ತಿದ್ರಿ ಅಂತ. ಅಜ್ಜ ಕೈಯಲ್ಲೇ ತೋರಿಸಿದರು. ಕೊಕ್ಕೆ ಬಾಗಿರೋ ಕಡೆ ಗಟ್ಟಿ ದಾರ ಸುತ್ತಬೇಕು, ಕೊಕ್ಕೆಯ ಕಡ್ಡಿಯನ್ನು ಚರ್ಮಕ್ಕೆ ಒತ್ತಿ ಹಿಡಿದು ಹಿಂಮುಳ್ಳನ್ನು ಸಡಿಲ ಮಾಡಬೇಕು, ಆಮೇಲೆ ದಾರವನ್ನು ಚಕ್ಕನೆ ಒಂದೇ ಸಲ ಜಗ್ಗಬೇಕು. ಆದರೆ ಕಣ್ಣು, ಮುಖ, ಕತ್ತು, ಕೀಲು ಇಂಥಲ್ಲೆಲ್ಲ ಈ ಆಟ ಆಡಬಾರದು. ಕಣ್ಣಿಗೆ ಬಿದ್ದರಂತೂ ಕೊಕ್ಕೆ ಮುಟ್ಟಲೇಬಾರದು. ಪೇಪರ್ ಕಪ್ಪು ಒತ್ತದ ಹಾಗೆ ಮುಚ್ಚಿ ಸೀದಾ ಆಸ್ಪತ್ರೆಗೆ. 'ಕೀಳೋದು ಸುಲಭ, ಯಾವಾಗ ಕೀಳಬಾರದು ಅನ್ನೋದು ಕಲೀಬೇಕು' ಅಂದ್ರು. ಹೆಸರೂ ಹೇಳದೆ ಹೊರಟುಹೋದರು.

ಡಾಕ್ಟರ ಹತ್ತಿರ ಹೋದಾಗ ಮರಗಟ್ಟೋ ಸೂಜಿ ಕೊಟ್ಟು ಕೊಕ್ಕೆ ತೆಗೆದರು. ಸಣ್ಣ ಗಾಯವೇ, ಆದರೆ ರಕ್ತ ನಿಲ್ಲೋಕೆ ಅರ್ಧ ಗಂಟೆ ಮೇಲೆ ಒತ್ತಿ ಹಿಡೀಬೇಕಾಯ್ತು. ದೋಣಿಯಲ್ಲಿ, ಒಂದೂವರೆ ಮೈಲಿ ನೀರಿನ ನಡುವೆ, ನಾನು ಕಿತ್ತಿದ್ದಿದ್ರೆ? ಧನುರ್ವಾಯು ಇಂಜೆಕ್ಷನ್ ಕೊನೆಗೆ ಯಾವಾಗ ತಗೊಂಡ್ರಿ ಅಂತ ಕೇಳಿದರು. ಗೌಡ್ರಿಗೆ ನೆನಪಿಲ್ಲ. ಹತ್ತು ವರ್ಷಕ್ಕೊಮ್ಮೆ ತಗೋಬೇಕು, ಇಂಥ ಕೊಳೆ ಗಾಯಕ್ಕಾದರೆ ಐದು ವರ್ಷ ಕಳೆದಿದ್ದರೂ ಮತ್ತೆ ಬೇಕಂತೆ. ಅದೂ ಆಯ್ತು.

ವಾಪಸ್ ಬರುವಾಗ ಕಾರಿನಲ್ಲಿ ಕೇಳಿಯೇಬಿಟ್ಟೆ, ಯಾಕೆ ಹೇಳಲಿಲ್ಲ ಅಂತ. 'ಹೇಳಿದ್ರೆ ನೀವು ಕರ್ಕೊಂಡು ಬರ್ತಿರ್ಲಿಲ್ಲ. ಕನ್ನಡ ಕೂಟದಲ್ಲಿ ಎಲ್ಲಾರೂ ಪಾಪ ಅಂತ ಕುರ್ಚಿ ತಂದು ಕೂರುಸ್ತಿದ್ರು' ಅಂದ್ರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ನಾನು ಸುಮ್ಮನೆ ಗಾಡಿ ಓಡಿಸಿದೆ.

ಕೆಂಪು ಡಬ್ಬಿಯನ್ನು ಮನೆಗೆ ಬಂದು ಬಿಚ್ಚಿ ನೋಡಿದೆ. ನಲವತ್ತು ಬ್ಯಾಂಡ್ ಏಡ್, ಗೊಂಬೆಗೆ ಸುತ್ತೋವಷ್ಟು ಗಾಜು ಬಟ್ಟೆ, ಅವಧಿ ಮುಗಿದ ಮುಲಾಮು. ಅಡುಗೆಮನೆಯಲ್ಲಿ ಬೆರಳು ಕುಯ್ದುಕೊಂಡೋರಿಗೆ ಮಾಡಿದ್ದದು. ಈಗಿನ ನಮ್ಮ ಡಬ್ಬಿ ನೀರು ಹೋಗದ ಮುಚ್ಚಳದ್ದು. ಒಳಗೆ ಕಟಿಂಗ್ ಪ್ಲೇಯರ್, ಉದ್ದ ಮೂಗಿನ ಪ್ಲೇಯರ್, ದಪ್ಪ ಗಾಜು ಬಟ್ಟೆ, ಸುತ್ತೋ ಬ್ಯಾಂಡೇಜ್, ಟೇಪು, ಗ್ಲೌಸು, ಕನ್ನಡಕ, ಎರಡು ಪೇಪರ್ ಕಪ್ಪು, ಸಣ್ಣ ಸೋಪು. ಗಾಯ ತೊಳೆಯೋಕೆ ಕುಡಿಯೋ ನೀರಿನ ಬಾಟಲಿ ಬೇರೆ, ಕೆರೆ ನೀರು ಮುಟ್ಟಿಸಲ್ಲ. ಕಾಫಿಪುಡಿ ಫ್ಲಾಸ್ಕಿನ ಪಾಲು, ಗಾಯದ್ದಲ್ಲ :-) ಡಬ್ಬಿಯ ಜಾಗ ನನ್ನ ಸೀಟಿನ ಕೆಳಗೆ, ಕೂತಲ್ಲಿಂದ ಕೈಗೆ ಸಿಗೋ ಹಾಗೆ. ಕೊಕ್ಕೆಗಳ ಹಿಂಮುಳ್ಳನ್ನೆಲ್ಲ ಮನೆಯಲ್ಲೇ ಪ್ಲೇಯರಿನಿಂದ ಒತ್ತಿ ಮಲಗಿಸಿದ್ದೀವಿ. ಒಂದೆರಡು ಮೀನು ತಪ್ಪಿಸಿಕೊಳ್ಳುತ್ತವೆ, ತಪ್ಪಿಸಿಕೊಳ್ಳಲಿ.

ಮುಚ್ಚಳದ ಒಳಗಡೆ ಮೂರು ಚೀಟಿ. ಯಾರಿಗೆ ಯಾವ ಖಾಯಿಲೆ, ಯಾವ ಮಾತ್ರೆ, ಯಾವುದು ಆಗಿಬರಲ್ಲ, ಧನುರ್ವಾಯು ಇಂಜೆಕ್ಷನ್ ಯಾವ ವರ್ಷ, ಮನೆಯ ಫೋನ್ ನಂಬರ್. ನನ್ನ ಚೀಟಿ ಬರೆಯೋಕೆ ಕೂತಾಗ ನನ್ನ ಇಂಜೆಕ್ಷನ್ ಯಾವ ವರ್ಷದ್ದು ಅಂತ ನನಗೇ ಗೊತ್ತಿರಲಿಲ್ಲ. ಹೋಗಿ ಹಾಕಿಸಿಕೊಂಡು ಬಂದು ಬರೆದೆ. ಗೌಡ್ರ ಚೀಟಿ ಬರೋಕೆ ಮಾತ್ರ ಈ ವರ್ಷದ ಮೇ ತಿಂಗಳ ತನಕ ಕಾದೆ, ಕೇಳೋಕೆ ಹೋಗಲಿಲ್ಲ. ಸೀಸನ್ ತೆರೆದ ಶನಿವಾರ ಕಾರು ಹತ್ತಿದವರೇ ಜೇಬಿನಿಂದ ಮಡಿಸಿದ ಕಾಗದ ತೆಗೆದು ಮಗನ ಕೈಗಿಟ್ಟರು. 'ಇದ್ನ ಅಂಟುಸು ಮಗಾ. ನಿಮ್ಮಪ್ಪಂಗೆ ಸೀಟಿ ಊದೋಕೂ ಬರಾಕಿಲ್ಲ.'

ಇನ್ನು ನೀವು ಹೇಳಿ. ನಿಮ್ಮ ಜೊತೆ ದೋಣಿ ಹತ್ತೋರು, ಬೆಟ್ಟ ಹತ್ತೋರು ಬೆಳಗ್ಗೆ ಯಾವ ಮಾತ್ರೆ ನುಂಗಿ ಬರ್ತಾರೆ ಅಂತ ನಿಮಗೆ ಗೊತ್ತಾ? ಡಬ್ಬಿ ಆಮೇಲೆ ಕೊಳ್ಳಿ, ಮೊದಲು ಕೇಳಿ ನೋಡಿ.