ಚಂದ್ರನಿಂದ ಕಾಣುವ ಗೋಡೆ

ಚೀನಾದ ಮಹಾಗೋಡೆ ಚಂದ್ರನ ಮೇಲಿಂದಲೂ ಕಾಣುತ್ತದೆ ಎಂಬ ಮಾತನ್ನು ನೀವು ಕೇಳಿಯೇ ಇರುತ್ತೀರಿ. ನಾನೂ ಕೇಳಿದ್ದೆ. ಅಷ್ಟೇ ಅಲ್ಲ, ಹಲವು ವರ್ಷ ತರಗತಿಯಲ್ಲಿ ಹೇಳಿಯೂ ಇದ್ದೆ. ಮಕ್ಕಳು ಕಣ್ಣರಳಿಸಿ ಕೇಳುತ್ತಿದ್ದರು. ಮೇಷ್ಟ್ರಿಗೆ ಅದಕ್ಕಿಂತ ಖುಷಿ ಬೇರೇನು ಬೇಕು? ಎರಡು ವರ್ಷದ ಹಿಂದೆ ಏಳನೇ ತರಗತಿಯ ಹುಡುಗಿಯೊಬ್ಬಳು ಪಾಠ ಮುಗಿದ ಮೇಲೆ ಮೇಜಿನ ಬಳಿ ಬಂದು ನಿಂತಳು. "ಸರ್, ಗೋಡೆ ಉದ್ದ ಇದೆ ನಿಜ. ಆದರೆ ಅಗಲ ನಮ್ಮೂರಿನ ರಸ್ತೆಯಷ್ಟೇ ಅಲ್ಲವಾ? ಹಾಗಾದರೆ ನಮ್ಮ ರಸ್ತೆಯೂ ಚಂದ್ರನಿಂದ ಕಾಣಬೇಕಲ್ಲ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. "ನಾಳೆ ನೋಡೋಣಮ್ಮ" ಎಂದು ಹಾಜರಿ ಪುಸ್ತಕ ಎತ್ತಿಕೊಂಡು ಹೊರಟುಬಿಟ್ಟೆ.

ಹುಡುಕಿದಾಗ ಗೊತ್ತಾಯಿತು, ಅವಳ ಲೆಕ್ಕವೇ ಸರಿ. ಬೇರೆ ಬೇರೆ ಕಾಲದಲ್ಲಿ ಕಟ್ಟಿದ ಭಾಗಗಳನ್ನೆಲ್ಲ ಸೇರಿಸಿ 2012ರಲ್ಲಿ ಚೀನಾ ಸರಕಾರ ಪ್ರಕಟಿಸಿದ ಒಟ್ಟು ಉದ್ದ 21,196 ಕಿ.ಮೀ. ಆದರೆ ಅಗಲ ಹೆಚ್ಚಿನ ಕಡೆ ಐದಾರು ಮೀಟರ್ ಮಾತ್ರ. ಚಂದ್ರನಿರುವುದು ಸುಮಾರು 3,84,000 ಕಿ.ಮೀ. ದೂರದಲ್ಲಿ. ಅಲ್ಲಿಂದ ಆ ಗೋಡೆಯನ್ನು ಕಾಣುವುದೆಂದರೆ, ನಾಲ್ಕು ಕಿ.ಮೀ. ಆಚೆಯಿಂದ ಒಂದು ತಲೆಕೂದಲನ್ನು ಕಂಡಂತೆ! 2003ರಲ್ಲಿ ಬಾಹ್ಯಾಕಾಶಕ್ಕೆ ಹೋಗಿ ಬಂದ ಚೀನಾದ ಮೊದಲ ಗಗನಯಾತ್ರಿ ಯಾಂಗ್ ಲಿವೈ, ಭೂಮಿಗೆ ಹತ್ತಿರದ ಆ ಕಕ್ಷೆಯಿಂದಲೂ ಗೋಡೆ ತನಗೆ ಕಾಣಲಿಲ್ಲ ಎಂದು ಹೇಳಿಬಿಟ್ಟರು. ಅವರದೇ ದೇಶದ ಹೆಮ್ಮೆಯ ಮಾತದು. ಹಾಗಿದ್ದೂ ನಿಜ ಹೇಳಿದರಲ್ಲ, ಮೆಚ್ಚಬೇಕು.

ಹಾಗಾದರೆ ಮಾತು ಹರಡಿದ್ದು ಹೇಗೆ? ಅಮೆರಿಕದ ರಾಬರ್ಟ್ ರಿಪ್ಲೆ 'ನಂಬಿದರೆ ನಂಬಿ' ಎಂಬರ್ಥದ ಹೆಸರಿನಲ್ಲಿ ಒಂದು ಚಿತ್ರ ಅಂಕಣ ನಡೆಸುತ್ತಿದ್ದರು. 1932ರಲ್ಲಿ ಅದರಲ್ಲಿ ಈ ಮಾತು ಅಚ್ಚಾಯಿತು. ಮನುಷ್ಯ ಮೊದಲ ಬಾರಿ ಬಾಹ್ಯಾಕಾಶಕ್ಕೆ ಹೋದದ್ದು 1961ರಲ್ಲಿ, ಚಂದ್ರನ ಮೇಲೆ ಇಳಿದದ್ದು 1969ರಲ್ಲಿ. ಅಂದರೆ, ಯಾರೂ ಹೋಗದ ಜಾಗದಿಂದ ಕಾಣುತ್ತದೆ ಎಂದು ಬರೆದದ್ದು ನನ್ನ ಈ ಪುಟದಂಥದ್ದೇ ಒಂದು ಪುಟ!

ಮದ್ರಸದಲ್ಲಿ ಹದೀಸ್ ಕಲಿಯುವಾಗ ನಮಗೆ ಮೊದಲು ಕಲಿಸುತ್ತಿದ್ದುದೇ ಸನದ್ ನೋಡಲು. ಈ ಮಾತನ್ನು ಯಾರು ಹೇಳಿದರು, ಅವರು ಯಾರಿಂದ ಕೇಳಿದರು, ಅವರಿಬ್ಬರು ಭೇಟಿಯಾಗಿದ್ದರೇ? ಅಷ್ಟೆಲ್ಲ ಓದಿದ ನಾನು ಗೋಡೆಯ ವಿಷಯದಲ್ಲಿ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಇನ್ನೊಂದು ಕೇಳಿ. ಪಾಲಕ್ ಸೊಪ್ಪಿನಲ್ಲಿ ಕಬ್ಬಿಣದಂಶ ಬೇಕಾದಷ್ಟಿದೆ ಎನ್ನುತ್ತಾರಲ್ಲ, ಅದು ಹಿಂದೆ ಒಬ್ಬ ಜರ್ಮನ್ ವಿಜ್ಞಾನಿ ದಶಮಾಂಶ ಬಿಂದುವನ್ನು ತಪ್ಪು ಜಾಗದಲ್ಲಿ ಇಟ್ಟದ್ದರಿಂದ ಹತ್ತು ಪಟ್ಟು ಹೆಚ್ಚಾಗಿ ಹೋದ ಲೆಕ್ಕ ಎಂದು ನಾನು ಸ್ಟಾಫ್ ರೂಮಿನಲ್ಲಿ ಜಾಣತನದಿಂದ ಹೇಳುತ್ತಿದ್ದೆ. ಬ್ರಿಟನ್ನಿನ ಮೈಕ್ ಸಟನ್ ಎಂಬ ಸಂಶೋಧಕ ಈ ಬಿಂದುವಿನ ಬೆನ್ನು ಹತ್ತಿ ಹಳೆಯ ಬರಹಗಳನ್ನೆಲ್ಲ ತಡಕಿದರು. ಆ ಕತೆಗೆ ಆಧಾರವೇ ಇಲ್ಲವೆಂದು 2010ರಲ್ಲಿ ಬರೆದರು. ತಪ್ಪನ್ನು ತಿದ್ದಲು ಹೊರಟ ಕತೆಗೂ ಸನದ್ ಇರಲಿಲ್ಲ, ನೋಡಿ!

ಪಾಲಕಿನಲ್ಲಿ ಕಬ್ಬಿಣ ಇರುವುದಂತೂ ನಿಜ. ಆದರೆ ಸೊಪ್ಪಿನಿಂದ ನಮ್ಮ ದೇಹ ಹೀರಿಕೊಳ್ಳುವುದು ಅದರಲ್ಲಿ ಸ್ವಲ್ಪವನ್ನು ಮಾತ್ರ. ಮಾಂಸದಲ್ಲಿರುವ ಕಬ್ಬಿಣ ಇದಕ್ಕಿಂತ ಸುಲಭವಾಗಿ ದೇಹಕ್ಕೆ ಸೇರುತ್ತದೆ. ಸೊಪ್ಪಿನ ಜೊತೆ ನಿಂಬೆರಸ, ಟೊಮೆಟೊ, ಪೇರಳೆಯಂಥ ಸಿ ವಿಟಮಿನ್ ಇರುವ ಪದಾರ್ಥ ಇದ್ದರೆ ಹೀರಿಕೊಳ್ಳುವುದು ಹೆಚ್ಚುತ್ತದೆ, ಊಟದ ಬೆನ್ನಿಗೇ ಚಹಾ ಕುಡಿದರೆ ಕಡಿಮೆಯಾಗುತ್ತದೆ. ನಮ್ಮ ಮನೆಗಳಲ್ಲಿ ಎಲ್ಲರಿಗೂ ಬಡಿಸಿ, ಕೊನೆಗೆ ಉಳಿದದ್ದನ್ನು ಉಂಡು, ತಟ್ಟೆ ಎತ್ತುವ ಮೊದಲೇ ಚಹಾದ ಲೋಟ ಹಿಡಿಯುವವರು ಯಾರೆಂದು ನಾನು ಹೇಳಬೇಕಾಗಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇತ್ತು. ಚಹಾ ಬಿಡಿ ಎನ್ನುತ್ತಿಲ್ಲ, ಒಂದು ಗಂಟೆ ತಡೆದು ಕುಡಿಯಿರಿ.

ಒಂಟೆಯ ಡುಬ್ಬದಲ್ಲಿ ಇರುವುದು ನೀರಲ್ಲ, ಕೊಬ್ಬು. ನಮ್ಮ ಹಿರಿಯರ ಕಾಲದಿಂದಲೂ ಇತ್ತು ಎಂದುಕೊಳ್ಳುವ ಮೆಣಸಿನಕಾಯಿ, ಅಮೆರಿಕ ಖಂಡದಿಂದ ಪೋರ್ಚುಗೀಸರ ಕಾಲದಲ್ಲಿ ಬಂದ ಅತಿಥಿ. ಅದಕ್ಕೆ ಮೊದಲು ಸಾರಿಗೆ ಖಾರ ಕೊಡುತ್ತಿದ್ದುದು ಕರಿಮೆಣಸು.

ಇವೆಲ್ಲ ನಕ್ಕು ಬಿಡುವಂಥವು. ಆದರೆ ಒಂದು ತಪ್ಪು ಸುದ್ದಿ ಹೆಣ್ಣುಮಕ್ಕಳಿಂದ 32 ವರ್ಷ ಕಿತ್ತುಕೊಂಡದ್ದು ನಿಮಗೆ ಗೊತ್ತೇ?

1928ರ ಆಮ್‌ಸ್ಟರ್‌ಡಾಂ ಒಲಿಂಪಿಕ್ಸಿನಲ್ಲಿ ಮೊದಲ ಬಾರಿ ಮಹಿಳೆಯರ 800 ಮೀಟರ್ ಓಟ ಇಟ್ಟರು. ಅಂತಿಮ ಸ್ಪರ್ಧೆಯಲ್ಲಿ ಜರ್ಮನಿಯ ಲೀನಾ ರಾಡ್ಕೆ ವಿಶ್ವದಾಖಲೆ ಮಾಡಿ ಗೆದ್ದರು. ಆದರೆ ಪತ್ರಿಕೆಗಳು ಬರೆದದ್ದೇ ಬೇರೆ. ಹನ್ನೊಂದು ಮಂದಿ ಓಡಿದರು, ಐವರು ನಡುವೆಯೇ ಬಿಟ್ಟರು, ಉಳಿದವರು ಗುರಿ ಮುಟ್ಟಿ ಕುಸಿದು ಬಿದ್ದರು ಎಂದೆಲ್ಲ ಬಂತು. ನಿಜಕ್ಕೂ ಓಡಿದವರು ಒಂಬತ್ತು ಮಂದಿ, ಒಂಬತ್ತೂ ಮಂದಿ ಓಟ ಮುಗಿಸಿದ್ದರು. ಓಡಿ ಸುಸ್ತಾದವರು ಹುಲ್ಲಿನ ಮೇಲೆ ಕೂತರೆ ಅದೇನು ಅಪರಾಧವೇ? ಗಂಡಸರು ಕೂರುವುದಿಲ್ಲವೇ? ಹೆಣ್ಣಿನ ದೇಹಕ್ಕೆ ಇದು ಒಗ್ಗದು ಎಂದು ಹೇಳಿ ಆ ಓಟವನ್ನೇ ತೆಗೆದುಹಾಕಿದರು. 1960ರ ರೋಮ್ ಒಲಿಂಪಿಕ್ಸಿನವರೆಗೆ ಮಹಿಳೆಯರಿಗೆ ಅಲ್ಲಿ 200 ಮೀಟರಿಗಿಂತ ಉದ್ದದ ಓಟವೇ ಇರಲಿಲ್ಲ.

ಮಹಿಳೆಯರ ಮ್ಯಾರಥಾನ್ ಬಂದದ್ದು ಇನ್ನೂ ತಡವಾಗಿ, 1984ರಲ್ಲಿ, ಲಾಸ್ ಏಂಜಲಿಸ್‌ನಲ್ಲಿ. 400 ಮೀಟರ್ ಹರ್ಡಲ್ಸ್ ಕೂಡ ಅವರಿಗೆ ತೆರೆದದ್ದು ಆಗಲೇ. ನಮ್ಮ ಪಿ.ಟಿ. ಉಷಾ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕಳೆದುಕೊಂಡ ಓಟವದು. ಅದನ್ನು ಗೆದ್ದವರು ಯಾರೆಂದು ಕೇಳಿದರೆ ಹೆಚ್ಚಿನವರು ತಡವರಿಸುತ್ತಾರೆ. ಮೊರಾಕ್ಕೊದ ನವಾಲ್ ಅಲ್ ಮುತವಕ್ಕಿಲ್, ಒಲಿಂಪಿಕ್ ಚಿನ್ನ ಗೆದ್ದ ಮೊದಲ ಅರಬ್ ಮಹಿಳೆ. ಆ ದಿನ ಹುಟ್ಟಿದ ಹೆಣ್ಣುಮಕ್ಕಳಿಗೆಲ್ಲ ನವಾಲ್ ಎಂದು ಹೆಸರಿಡಬೇಕೆಂದು ಅಲ್ಲಿನ ದೊರೆ ಸಾರಿದರಂತೆ.

ಇದನ್ನು ಓದಿದ ರಾತ್ರಿ ನನಗೆ ನಮ್ಮ ಶಾಲೆಯ ಆಟೋಟಗಳ ಪಟ್ಟಿ ನೆನಪಾಯಿತು. ಹುಡುಗರಿಗೆ 1500 ಮೀಟರಿನವರೆಗೆ. ಹುಡುಗಿಯರಿಗೆ 100 ಮತ್ತು 200, ಅಷ್ಟಕ್ಕೇ ಮುಗಿಯಿತು. ಯಾಕೆಂದು ಯಾರನ್ನು ಕೇಳಲಿ? ನಾಲ್ಕು ವರ್ಷದಿಂದ ಆ ಪಟ್ಟಿ ಬರೆಯುತ್ತಿದ್ದವನು ನಾನೇ, ಹಿಂದಿನ ವರ್ಷದ್ದನ್ನು ನೋಡಿ ನಕಲು ಮಾಡುತ್ತಿದ್ದೆ.

ಕಳೆದ ಡಿಸೆಂಬರಿನಲ್ಲಿ 800 ಮೀಟರ್ ಸೇರಿಸಿದೆವು. ಒಬ್ಬರು ತಾಯಿ ಮೊದಲೇ ಬಂದು "ಏನಾದರೂ ಆದರೆ, ಸರ್?" ಎಂದು ಕೇಳಿ, ಆಮೇಲೆ ಮೈದಾನದ ಅಂಚಿನಲ್ಲಿ ನೀರಿನ ಬಾಟಲಿ ಹಿಡಿದು ನಿಂತರು. ಏಳು ಹುಡುಗಿಯರು ಓಡಿದರು, ಏಳೂ ಮಂದಿ ಮುಗಿಸಿದರು. ಗೋಡೆಯ ಲೆಕ್ಕ ಕೇಳಿದವಳು ಐದನೆಯವಳಾಗಿ ಬಂದು ಹುಲ್ಲಿನ ಮೇಲೆ ಕೂತು, ಸ್ವಲ್ಪ ಹೊತ್ತು ಏದುಸಿರು ಬಿಟ್ಟು, ಎದ್ದು ಹೋಗಿ ಅಮ್ಮನ ಕೈಯಿಂದ ಬಾಟಲಿ ತೆಗೆದುಕೊಂಡಳು.