ಎರಡು ಒಲಿಂಪಿಕ್ಸ್, ಎರಡೇ ಪಂದ್ಯ

ಭಾರತದ ಫುಟ್‌ಬಾಲ್ ಮಾತು ಬಂದರೆ ಸಾಕು, ನಮ್ಮ ಗೆಳೆಯರ ಗುಂಪಿನಲ್ಲಿ ಒಬ್ಬನಾದರೂ 1952ರ ಹೆಲ್ಸಿಂಕಿ ಒಲಿಂಪಿಕ್ಸನ್ನು ಎಳೆದು ತಂದೇ ತರುತ್ತಾನೆ. "ಹತ್ತು ಗೋಲು ತಿಂದು ಬಂದಾರಲೇ, ಅದೂ ಬರಿಗಾಲಾಗ ಆಡಿ!" ಅಂತ ನಗು. ನಿಜ, ಯುಗೊಸ್ಲಾವಿಯಾ ಎದುರು ನಾವು 10-1ರಿಂದ ಸೋತೆವು. ಆದರೆ ಆ 'ಒಂದು' ಯಾರದ್ದು ಅಂತ ಕೇಳಿ ನೋಡಿ, ಎಲ್ಲರೂ ಗಪ್‌ಚುಪ್!

ಆ ಗೋಲು ಹೊಡೆದದ್ದು ನಮ್ಮ ಬೆಂಗಳೂರಿನ ಅಹ್ಮದ್ ಖಾನ್.

1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಈತ 1949ರಲ್ಲಿ ಕೋಲ್ಕತ್ತಾದ ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿನ ಐವರು ಮುಂಪಡೆ ಆಟಗಾರರನ್ನು ಜನ 'ಪಂಚ ಪಾಂಡವರು' ಅಂತಲೇ ಕರೆಯುತ್ತಿದ್ದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಜೊತೆಗೆ ಅಹ್ಮದ್. ಬರಿಗಾಲಿನಲ್ಲಿ ಚೆಂಡನ್ನು ಆಡಿಸುವ ಚಳಕ ನೋಡಿ 'ಹಾವಾಡಿಗ' ಅಂತ ಅಡ್ಡಹೆಸರು. 1949, 50, 51, ಮೂರೂ ವರ್ಷ ಐಎಫ್‌ಎ ಶೀಲ್ಡ್ ಗೆದ್ದ ತಂಡ ಅದು.

ಈಗ ಭಾರತದ ಪರ ಅವರ ಆಟಕ್ಕೆ ಬರೋಣ. 1948ರ ಲಂಡನ್ ಒಲಿಂಪಿಕ್ಸ್: ಫ್ರಾನ್ಸ್ ಎದುರು 1-2ರ ಸೋಲು. ನಮ್ಮ ಏಕೈಕ ಗೋಲು ಎಸ್. ರಾಮನ್ ಅವರದ್ದು. ಅವರೂ ಬೆಂಗಳೂರಿನವರೇ! ಆ ದಿನ ಎರಡು ಪೆನಾಲ್ಟಿ ಕೈತಪ್ಪಿದವು, ಇಲ್ಲದಿದ್ದರೆ ಕಥೆಯೇ ಬೇರೆ ಇರುತ್ತಿತ್ತು. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಗೇಮ್ಸ್: ಇಂಡೋನೇಷ್ಯಾ, ಅಫ್ಘಾನಿಸ್ತಾನ, ಫೈನಲ್‌ನಲ್ಲಿ ಇರಾನ್, ಮೂವರನ್ನೂ ಸೋಲಿಸಿ ಚಿನ್ನ. ಮೂರೂ ಪಂದ್ಯಗಳಲ್ಲಿ ಎದುರಾಳಿಗೆ ಒಂದೂ ಗೋಲು ಬಿಟ್ಟುಕೊಡಲಿಲ್ಲ. ಆಮೇಲೆ ಹೆಲ್ಸಿಂಕಿ.

ಒಲಿಂಪಿಕ್ಸ್‌ನಲ್ಲಿ ಸೋತವರು ನೇರ ಮನೆಗೆ. ಹೀಗಾಗಿ ಎರಡು ಒಲಿಂಪಿಕ್ಸಿಗೆ ಹೋಗಿ ಬಂದ ಮನುಷ್ಯನಿಗೆ ಅಲ್ಲಿ ಆಡಲು ಸಿಕ್ಕಿದ್ದು ಬರೀ ಎರಡು ಪಂದ್ಯ. ನಡುವೆ, 1950ರಲ್ಲಿ, ಬ್ರೆಜಿಲ್ ವಿಶ್ವಕಪ್. ಉಳಿದ ದೇಶಗಳು ಹಿಂದೆ ಸರಿದಿದ್ದರಿಂದ ಭಾರತಕ್ಕೆ ಜಾಗ ಸಿಕ್ಕಿತ್ತು. ಸ್ವೀಡನ್, ಇಟಲಿ, ಪರಾಗ್ವೆ ಇದ್ದ ಗುಂಪು. ನಾವು ಹೋಗಲೇ ಇಲ್ಲ! ಬೂಟು ಇಲ್ಲದ್ದಕ್ಕೆ ಫಿಫಾ ಬಿಡಲಿಲ್ಲ ಅನ್ನೋ ಕಥೆಯನ್ನು ನಾವೆಲ್ಲ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತೇವೆ. ಆದರೆ ಆ ಕಾಲದ ನಾಯಕ ಶೈಲೇನ್ ಮನ್ನಾ ಅವರೇ ಅದು ಕಾರಣ ಅಲ್ಲ ಅಂದಿದ್ದರು. ನಮ್ಮ ಫೆಡರೇಶನ್‌ಗೆ ಒಲಿಂಪಿಕ್ಸ್ ದೊಡ್ಡದು, ವಿಶ್ವಕಪ್ ಲೆಕ್ಕಕ್ಕೇ ಇರಲಿಲ್ಲ. ಆಗ ಅಹ್ಮದ್‌ಗೆ 23 ವರ್ಷ. ಕಾಲಲ್ಲಿ ಕಸುವು ಇದ್ದ ಕಾಲ. ಅದು ಮತ್ತೆ ಬರಲಿಲ್ಲ.

ನಮಗೆ ಲೆಕ್ಕ ಹಿಡಿಯೋ ಚಟ. ಸುನಿಲ್ ಛೆಟ್ರಿ 2024ರ ಜೂನ್‌ನಲ್ಲಿ ಮೊದಲ ಸಲ ವಿದಾಯ ಹೇಳಿದಾಗ 151 ಪಂದ್ಯ, 94 ಗೋಲು. ದೊಡ್ಡ ಸಾಧನೆ, ಎರಡು ಮಾತಿಲ್ಲ. ಬೆಂಗಳೂರು ಎಫ್‌ಸಿಯಿಂದಾಗಿ ಛೆಟ್ರಿ ನಮ್ಮವನೇ ಆಗಿಬಿಟ್ಟ. ಆದರೆ ಅದೇ ತಕ್ಕಡಿಯಲ್ಲಿ ಅಹ್ಮದ್ ಖಾನರನ್ನು ಇಟ್ಟರೆ ತೂಕ ತಪ್ಪುತ್ತೆ. ಆಟಗಾರನ ಗೋಲು ಎಣಿಸುವ ಮೊದಲು, ಅವನಿಗೆ ಎಷ್ಟು ಪಂದ್ಯ ಕೊಟ್ಟೆವು ಅಂತ ಎಣಿಸಬೇಕು. ನಾವು ಸಾಫ್ಟ್‌ವೇರ್‌ನವರಿಗೆ ಇದು ಬೇಗ ತಿಳೀಬೇಕು. ಪ್ರಾಜೆಕ್ಟೇ ಕೊಡದೆ ಅಪ್ರೈಸಲ್ ಮಾಡಿದರೆ ಸುಮ್ಮನಿರ್ತೀವಾ?

ಇದು ಹಳೇ ಕಥೆ ಅಂತ ತಳ್ಳಿಹಾಕಬೇಡಿ. ಮೈಸೂರು ತಂಡ 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದ ಮೇಲೆ ಕರ್ನಾಟಕ ಮತ್ತೆ ಗೆದ್ದದ್ದು 2023ರಲ್ಲಿ, 54 ವರ್ಷ ಕಾದು. ಬೆಂಗಳೂರಿನ ಪರಿಸ್ಥಿತಿಯೇ ಹೀಗಿದ್ದರೆ ನಮ್ಮ ಮಿಶ್ರಿಕೋಟಿಯ ಮಾತೇನು? ನಾವು ಬೆಳೆದದ್ದು ಕಬಡ್ಡಿ, ಖೋಖೋ, ಟೆನಿಸ್ ಬಾಲ್ ಕ್ರಿಕೆಟ್ ಆಡಿಕೊಂಡು. ಕಲಘಟಗಿ ತಾಲ್ಲೂಕಿನ ಹುಡುಗರ ಕಾಲಿಗೆ ಕಸುವು ಕಡಿಮೆ ಇಲ್ಲ, ಗದ್ದೆಯ ಕೆಸರಲ್ಲಿ ಓಡಿದ ಕಾಲುಗಳವು. ಆದರೆ ವರ್ಷಕ್ಕೆ ಹತ್ತು ಪಂದ್ಯ ಆಡಲು ಸಿಗದೆ ಯಾವ ಹುಡುಗ ಆಟಗಾರ ಆಗ್ತಾನೆ ಹೇಳಿ?

ಅಹ್ಮದ್ ಖಾನ್ 2017ರ ಆಗಸ್ಟ್ 27ರಂದು ಬೆಂಗಳೂರಿನಲ್ಲಿ ತೀರಿಕೊಂಡರು, 90 ವರ್ಷ ಬದುಕಿ. ಅವರ ಹೆಸರಲ್ಲಿ ಪ್ರತಿಮೆ ಬೇಡ ಮಾರಾಯ್ರೇ. ತಾಲ್ಲೂಕಿಗೊಂದು ಲೀಗ್ ನಡೆಸಿದರೆ ಸಾಕು. ಇನ್ನು ಮುಂದೆ ಯಾರಾದರೂ ಹತ್ತು-ಒಂದು ಅಂತ ನಕ್ಕರೆ, ಹತ್ತನ್ನು ಅವರಿಗೇ ಬಿಡಿ. ಆ ಒಂದರ ಕಥೆ ನೀವು ಹೇಳಿ.

ಏನಂತೀರಿ?